ಶಾಲು, ಪೇಟ, ಹಣ್ಣಿನ ಬುಟ್ಟಿ

ಕಳೆದ ರಾಜ್ಯೋತ್ಸವದ ಹೊತ್ತಿಗೆ ಊರಿನ ಗೆಳೆಯ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಕಳಿಸಿದ. ನನಗೆ ಗಣಿತ ಕಲಿಸಿದ ಮೇಷ್ಟ್ರಿಗೆ ಸನ್ಮಾನ. ಎಂಬತ್ತು ದಾಟಿದ ಜೀವ ಶಾಮಿಯಾನದಡಿ ಬೆವರುತ್ತ ಕೂತಿದೆ, ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದಾರೆ. ಅವರು ಬಂದ ಮೇಲೆ ಹೆಗಲಿಗೆ ಶಾಲು ಬಿತ್ತು, ತಲೆಗೆ ಪೇಟ, ಕೈಗೆ ಬುಟ್ಟಿ. ಫೋಟೊಗೆ ವೇದಿಕೆಯಲ್ಲಿದ್ದವರೆಲ್ಲ ಮುಗಿಬಿದ್ದರು. ಮೇಷ್ಟ್ರ ಮುಖ ಹಣ್ಣಿನ ಬುಟ್ಟಿಯ ಹಿಂದೆ ಮುಚ್ಚಿಹೋಯಿತು. ಮೈಕು ಅವರ ಕೈಗೆ ಬರಲೇ ಇಲ್ಲ. ನೋಡಿ ಹೊಟ್ಟೆ ಉರಿಯಿತು.

ನಾನಿರುವುದು ತೈವಾನಿನ ಸಿಂಚುವಿನಲ್ಲಿ. ಇಲ್ಲಿನ ದೊಡ್ಡವರು ಯಾರೆಂದು ಕೇಳಿದರೆ ನಮ್ಮಂಥ ಚಿಪ್ ಎಂಜಿನಿಯರುಗಳ ಬಾಯಿಗೆ ಮೊದಲು ಬರುವ ಹೆಸರು ಮೋರಿಸ್ ಚಾಂಗ್. 1987ರಲ್ಲಿ, 55ರ ವಯಸ್ಸಿನಲ್ಲಿ, ಟಿಎಸ್‌ಎಂಸಿ ಎಂಬ ಚಿಪ್ ತಯಾರಿಸುವ ಕಂಪನಿ ಕಟ್ಟಿದವರು. ಆದರೆ ನನ್ನ ಪಕ್ಕದ ಮೇಜಿನವನು ತೈತುಂಗ್ ಕಡೆಯವನು, ಅವನ ಬಾಯಲ್ಲಿ ಬರುವುದು ಚೆನ್ ಶು-ಚು. ಆ ಊರಿನ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸು.

ಆಸ್ಪತ್ರೆಯ ಮುಂಗಡಕ್ಕೆ ದುಡ್ಡು ಹೊಂದಿಸುವಷ್ಟರಲ್ಲಿ ಆಕೆಯ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಪ್ರಾಥಮಿಕ ಶಾಲೆ ಮುಗಿಸಿದ್ದ ಹುಡುಗಿ ಓದು ಬಿಟ್ಟು ಅಂಗಡಿಗೆ ಕೂತಳು. ಮುಂದೆ ತಮ್ಮನೊಬ್ಬ ಕಾಯಿಲೆ ಬಿದ್ದಾಗ ಶಾಲೆಯವರು ಚಂದಾ ಎತ್ತಿಕೊಟ್ಟರು, ಹುಡುಗ ಉಳಿಯಲಿಲ್ಲ. ಆಕೆ ಆ ಋಣ ಮರೆಯಲಿಲ್ಲ. ಮೂರು ಕಟ್ಟು ಸೊಪ್ಪು 50 ತೈವಾನ್ ಡಾಲರಿಗೆ ಮಾರಿ ಕೂಡಿಟ್ಟ ದುಡ್ಡಿನಲ್ಲಿ 45 ಲಕ್ಷವನ್ನು ಅದೇ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟರು. 2010ರಲ್ಲಿ ಟೈಮ್ ಪತ್ರಿಕೆಯ ನೂರು ಪ್ರಭಾವಿಗಳ ಪಟ್ಟಿಗೆ ಹೆಸರು ಬಂತು. ಆಕೆಯ ಬಗ್ಗೆ ಅಲ್ಲಿ ಬರೆದವರು ಸಿನಿಮಾ ನಿರ್ದೇಶಕ ಆಂಗ್ ಲೀ. ಪತ್ರಿಕೆಯವರು ನ್ಯೂಯಾರ್ಕಿಗೆ ಬನ್ನಿ ಅಂದರೆ ಈಕೆಗೆ ಅಂಗಡಿಯದೇ ಚಿಂತೆ. ಹೋಗಿ ಬಂದವರು ಮತ್ತೆ ಸೊಪ್ಪಿನ ಮುಂದೆ ಕೂತರು. 2012ರ ಮ್ಯಾಗ್ಸೆಸೆ ಪ್ರಶಸ್ತಿಯ ಹಣ ಆಸ್ಪತ್ರೆಗೆ ಹೋಯಿತು.

ನಮ್ಮಲ್ಲಾಗಿದ್ದರೆ? ಆಕೆಗೆ ಸೊಪ್ಪು ಮಾರಲು ಪುರುಸೊತ್ತು ಎಲ್ಲಿ ಕೊಡುತ್ತಿದ್ದೆವು! ಇವತ್ತು ಒಂದು ಸಂಘ, ನಾಳೆ ಒಂದು ವೇದಿಕೆ. ಫ್ಲೆಕ್ಸಿನಲ್ಲಿ ಆಕೆಯ ಮುಖ ಅಂಗೈಯಗಲ, ಶುಭ ಕೋರುವವರ ಮುಖ ಆಳೆತ್ತರ. ಒಂದು ಫ್ಲೆಕ್ಸಿನ ದುಡ್ಡಿನಲ್ಲಿ ಶಾಲೆಗೆ ಎಷ್ಟು ಪುಸ್ತಕ ಬರುತ್ತದೆ ಅಂತ ಸಂಘದವರು ಒಮ್ಮೆಯಾದರೂ ಲೆಕ್ಕ ಹಾಕಬೇಕು. ಮುಖ್ಯ ಅತಿಥಿಗಾಗಿ ಕಾಯುವ ಈ ಚಾಳಿಯಂತೂ ನನಗೆ ಸಹಿಸಲಾಗದು. ಇಲ್ಲಿ ಆಡ್ರಿ ಟ್ಯಾಂಗ್ ಸಚಿವರಾಗಿದ್ದಾಗ ಬುಧವಾರಗಳಂದು ತೈಪೆಯ ಕಚೇರಿಯಲ್ಲಿ ಕೂರುತ್ತಿದ್ದರು, ಯಾರು ಬೇಕಾದರೂ ಹೋಗಿ ಮಾತಾಡಬಹುದಿತ್ತು. ಆಡಿದ ಮಾತು ಬರಹವಾಗಿ ಅಂತರ್ಜಾಲಕ್ಕೂ ಬರುತ್ತಿತ್ತು. ನಮ್ಮ ಕಡೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಂತವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ತೈವಾನಿನ ರಾಜಕಾರಣಿಗಳೆಲ್ಲ ಹೀಗೇ ಅಂತೇನಿಲ್ಲ, ಅದನ್ನೂ ಹೇಳಬೇಕು. ಚುನಾವಣೆ ಬಂದರೆ ಇಲ್ಲೂ ಕಟ್ಟಡದುದ್ದದ ಮುಖಗಳು, ಗಲ್ಲಿಗಲ್ಲಿಗೆ ಮೈಕಿನ ವ್ಯಾನು. ಯಾರದೋ ಮದುವೆ, ಯಾರದೋ ಸಾವು ಅಂದರೂ ಕೌನ್ಸಿಲರುಗಳು ಹಾಜರ್. ಸತ್ತವರ ಮನೆಯಲ್ಲೂ ಈ ಕೌನ್ಸಿಲರುಗಳ ಹೆಸರು ಬರೆದ ಬಟ್ಟೆ ತೂಗುತ್ತದೆ.

ಇನ್ನು ನಮ್ಮ ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ನ್ಯೂಪಡ್ಪುವಿಗೆ ಶಾಲೆ ತಂದವರು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಗುವುದಕ್ಕೆ ಎಷ್ಟೋ ಮೊದಲೇ ಅವರನ್ನು ಗುರುತಿಸಿ ಬರೆದದ್ದು ಕನ್ನಡ ಪತ್ರಿಕೆಗಳು, ಕರೆದು ಕೂರಿಸಿದ್ದು ನಾನು ಇಷ್ಟು ಹೊತ್ತು ಬೈದ ಇದೇ ಶಾಲು-ಹಾರದ ವೇದಿಕೆಗಳು. ಕೈಗೆ ಬಂದ ಪ್ರಶಸ್ತಿಯ ಹಣವನ್ನು ಅವರು ಶಾಲೆಗೇ ಹಾಕಿದರು. ಅಷ್ಟನ್ನು ನಾನು ಒಪ್ಪಲೇಬೇಕು.