632.8 ಬರೆದವರಿಗೆ ಫುಲ್ ಮಾರ್ಕ್ಸ್

ಸಿಐಇ, ಅಂದ್ರೆ ಇಂಟರ್ನಲ್ ಮಾರ್ಕ್ಸ್, ಫೈನಲ್ ಮಾಡೋ ವಾರ ಬಂತು ಅಂದ್ರೆ ನಮ್ಮ ಸ್ಟಾಫ್ ರೂಮ್ ಬಾಗಿಲು ಮುಚ್ಚೋ ಹಾಗೇ ಇಲ್ಲ. "ಮ್ಯಾಮ್ ಒಂದೇ ಒಂದು ಮಾರ್ಕ್ಸ್ ಮ್ಯಾಮ್" ಅಂತ ಒಬ್ಬ, ಅವನ ಹಿಂದೆ ನಾಲ್ಕು ಜನ. ಫಸ್ಟ್ ಇಯರ್ ಇಂಜಿನಿಯರಿಂಗ್‌ಗೆ ಫಿಸಿಕ್ಸ್ ಪಾಠ ಮಾಡ್ತೀನಿ, ಇದೇ ಬೆಂಗಳೂರಲ್ಲಿ, ಕಾಲೇಜ್ ಹೆಸರು ಬೇಡ ಬಿಡಿ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ಬರು ಆಂಟಿ ಲಿಫ್ಟ್ ಹತ್ರ ನಿಲ್ಲಿಸ್ಕೊಂಡು "ಗ್ರೇಡ್ ಹೇಗಮ್ಮಾ ಕೊಡ್ತೀರಾ, ನಮ್ಮ ಹುಡುಗನಿಗೆ ಎ ಪ್ಲಸ್, ಅವನ ಫ್ರೆಂಡ್‌ಗೆ ಓ ಬಂದಿದೆ, ಇಬ್ರೂ ಒಟ್ಟಿಗೇ ಓದಿದ್ದು" ಅಂತ ಕೇಳಿದ್ರು. ಲಿಫ್ಟ್ ಬರೋಷ್ಟರಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್ ಪ್ರಕಾರ 50 ಮಾರ್ಕ್ಸ್ ಕಾಲೇಜ್ ಕೈಲಿ, ಅದೇ ಸಿಐಇ. ಟೆಸ್ಟು, ಅಸೈನ್‌ಮೆಂಟು, ಲ್ಯಾಬು ಎಲ್ಲಾ ಅದ್ರಲ್ಲೇ. ಉಳಿದ 50 ಯೂನಿವರ್ಸಿಟಿ ಎಕ್ಸಾಮ್‌ದು, ನೂರಕ್ಕೆ ಬರೆಸಿ ಅರ್ಧ ಮಾಡ್ತಾರೆ. ಸಿಐಇಲಿ 20 ಬರ್ಲಿಲ್ಲ ಅಂದ್ರೆ ಎಕ್ಸಾಮ್ ಬರೆಯೋ ಹಾಗಿಲ್ಲ, ಎಕ್ಸಾಮಲ್ಲಿ 50ಕ್ಕೆ 18 ಬರಬೇಕು, ಎರಡೂ ಸೇರಿ 40 ಆದ್ರೆ ಪಾಸು. 90 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಓ, ಹತ್ತು ಪಾಯಿಂಟ್. 80ರಿಂದ 89 ಎ ಪ್ಲಸ್, ಒಂಬತ್ತು ಪಾಯಿಂಟ್. ಐಐಟಿಗಳಲ್ಲಿ ಇರೋ ಥರ ಕ್ಲಾಸಲ್ಲಿ ಬೇರೆಯವರು ಎಷ್ಟು ತಗೊಂಡ್ರು ಅಂತ ನೋಡ್ಕೊಂಡು ಗ್ರೇಡ್ ಕೊಡೋದೆಲ್ಲ ಇಲ್ಲಿಲ್ಲ, ಎಲ್ಲರೂ 90 ತಗೊಂಡ್ರೆ ಎಲ್ಲರಿಗೂ ಓ.

ಕಾಗದದ ಮೇಲೆ ಸರಿಯಾಗೇ ಇದೆ. ಆದ್ರೆ ಒಂದು ಸಣ್ಣ ಲೆಕ್ಕ ಹಾಕಿ. ನಾನು ಕಟ್ಟುನಿಟ್ಟಾಗಿ ನೋಡಿ ಒಂದು ಹುಡುಗೀಗೆ ಸಿಐಇಲಿ 38 ಕೊಟ್ಟೆ ಅನ್ಕೊಳಿ. ಆಮೇಲೆ ಅವಳು ಎಕ್ಸಾಮಲ್ಲಿ ನೂರಕ್ಕೆ ನೂರು ತೆಗೆದ್ರೂ 88, ಓ ಸಿಗೋದೇ ಇಲ್ಲ. ಪಕ್ಕದ ಕಾಲೇಜಲ್ಲಿ ಎಲ್ಲರಿಗೂ 47, 48 ಹಾಕಿರ್ತಾರೆ, ಅಲ್ಲಿ ಎಕ್ಸಾಮಲ್ಲಿ 86 ತೆಗೆದವನು ಆರಾಮಾಗಿ ಓ. ಇದು ಗೊತ್ತಿರೋದ್ರಿಂದಾನೇ ನಮ್ಮಲ್ಲೂ "ನಮ್ಮ ಮಕ್ಕಳಿಗೆ ಯಾಕೆ ಅನ್ಯಾಯ" ಅಂತ ಮೇಲಿನವರು ಹೇಳ್ತಾರೆ, ನಾವೂ ಹಾಕ್ತೀವಿ, ನಾನೂ ಹಾಕಿದೀನಿ, ಸುಳ್ಳು ಯಾಕೆ ಹೇಳ್ಲಿ. ಎಲ್ಲರಿಗೂ 45ರ ಮೇಲೆ ಹೋದ್ಮೇಲೆ ಆ 50 ಮಾರ್ಕ್ಸು ಇದ್ದೂ ಇಲ್ಲದ ಹಾಗೇ, ಮೂರು ಗಂಟೆ ಎಕ್ಸಾಮ್ ಒಂದೇ ಎಲ್ಲಾ ತೀರ್ಮಾನ ಮಾಡತ್ತೆ. ಅದನ್ನ ತಪ್ಪಿಸೋಕೆ ಅಂತಾನೇ ಸಿಐಇ ಇಟ್ಟಿದ್ದು!

ನನಗೆ ಜಾಸ್ತಿ ಹೊಟ್ಟೆ ಉರಿಯೋದು ಲ್ಯಾಬ್ ವಿಷಯದಲ್ಲಿ. ಫಿಸಿಕ್ಸ್ ಲ್ಯಾಬ್‌ಗೆ ಬೇರೆ ಯೂನಿವರ್ಸಿಟಿ ಪ್ರಾಕ್ಟಿಕಲ್ ಇಲ್ಲ, ಪೂರ್ತಿ ನಮ್ಮ ಕೈಲೇ. ಮಾರ್ಕ್ಸ್ ಹೋಗೋದು ರೆಕಾರ್ಡ್‌ಗೆ, ನೀಟಾದ ಗ್ರಾಫ್‌ಗೆ, "ಉತ್ತರ" ಕರೆಕ್ಟ್ ಬಂದಿದ್ಯಾ ಅನ್ನೋದಕ್ಕೆ.

ಲೇಸರ್ ಮತ್ತು ಗ್ರೇಟಿಂಗ್ ಎಕ್ಸ್‌ಪೆರಿಮೆಂಟ್ ಎಲ್ಲರೂ ಮಾಡಿರ್ತೀರಾ, ಸಣ್ಣ ಗೆರೆಗಳಿರೋ ಗ್ರೇಟಿಂಗ್ ಮೂಲಕ ಲೇಸರ್ ಬಿಟ್ರೆ ಸ್ಕ್ರೀನ್ ಮೇಲೆ ಚುಕ್ಕೆಗಳು ಬೀಳ್ತವೆ, ಅವುಗಳ ದೂರ ಅಳೆದು ಬೆಳಕಿನ ತರಂಗಾಂತರ ಲೆಕ್ಕ ಹಾಕೋದು. ನಮ್ಮ ಗ್ರೇಟಿಂಗಲ್ಲಿ ಮಿಲಿಮೀಟರ್‌ಗೆ 500 ಗೆರೆ, ಸ್ಕ್ರೀನ್ ಒಂದು ಮೀಟರ್ ದೂರ. ಒಂದು ಬ್ಯಾಚಲ್ಲಿ ಶಿರಾ ಕಡೆಯ ಒಂದು ಹುಡುಗಿ, ಟೆಂತ್‌ವರೆಗೂ ಕನ್ನಡ ಮೀಡಿಯಂ, ಮಾತು ಕಮ್ಮಿ, ಮೊದಲನೇ ಚುಕ್ಕೆ ಮಧ್ಯದಿಂದ 34.5 ಸೆಂಟಿಮೀಟರ್ ಅಂತ ಬರ್ಕೊಂಡಿದ್ಳು. ಲೆಕ್ಕ ಹಾಕಿದ್ರೆ ತರಂಗಾಂತರ 652 ನ್ಯಾನೋಮೀಟರ್. ಪಕ್ಕದ ಟೇಬಲ್ ಹುಡುಗರದ್ದು 33.4, ಉತ್ತರ 634. ಮ್ಯಾನ್ಯುಯಲ್‌ನಲ್ಲಿ 632.8 ಅಂತಾನೇ ಇದೆ, ನಾನು ಹುಡುಗರಿಗೆ ಹತ್ತಕ್ಕೆ ಹತ್ತು ಹಾಕಿ ಇವಳಿಗೆ ಎಂಟು ಹಾಕಿ "ರೀಡಿಂಗ್ ಸರಿಯಾಗಿ ತಗೋಮ್ಮ" ಅಂದೆ. ಅವಳು ಮೆಲ್ಲಗೆ "ಮೂರು ಸಲ ನೋಡ್ದೆ ಮ್ಯಾಮ್, ಅಷ್ಟೇ ಬರ್ತಿದೆ" ಅಂದ್ಳು. ನಾನು ಮುಂದಿನ ರೆಕಾರ್ಡ್ ತಗೊಂಡೆ.

ಸಂಜೆ ಮೆಟ್ರೋಲಿ ನಿಂತಾಗ ತಲೇಲಿ ಹೊಳೀತು. 632.8 ಹೀಲಿಯಂ-ನಿಯಾನ್ ಲೇಸರ್‌ದು. ಯಾವುದೋ ಕಾಲದಲ್ಲಿ ನಮ್ಮ ಲ್ಯಾಬಲ್ಲಿ ಆ ಉದ್ದ ಟ್ಯೂಬ್ ಇತ್ತಂತೆ, ಈಗಿರೋದು ಡಯೋಡ್ ಲೇಸರ್, ಅದ್ರ ಮೈಮೇಲೇ 650 ಅಂತ ಸ್ಟಿಕರ್ ಇದೆ. ಅಂದ್ರೆ ಆ ಕ್ಲಾಸಲ್ಲಿ ನಿಜವಾಗ್ಲೂ ಸ್ಕೇಲ್ ಹಿಡಿದು ನೋಡಿದ್ದು ಅವಳೊಬ್ಳೇ. ಮಿಕ್ಕವರು ಸೀನಿಯರ್ ರೆಕಾರ್ಡ್‌ನಿಂದ ಉತ್ತರ ತಗೊಂಡು ಹಿಂದೆ ಹಿಂದೆ ಲೆಕ್ಕ ಹಾಕಿ ರೀಡಿಂಗ್ ಹುಟ್ಟಿಸಿದ್ರು. ಒಂದು ಸೆಂಟಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣೋ ಅಷ್ಟು ದೊಡ್ಡದು ಸ್ವಾಮಿ, ಸ್ಕೇಲಲ್ಲಿ ತಪ್ಪಿ ಹೋಗೋ ಅಂಥದ್ದಲ್ಲ.

ಮಾರನೇ ದಿನ ಅವಳ ಮಾರ್ಕ್ಸ್ ತಿದ್ದಿದೆ. ಆದ್ರೆ ಬರೀ ಆ ಎರಡು ಮಾರ್ಕ್ಸ್ ಪ್ರಶ್ನೆ ಅಲ್ಲ, ಸ್ಕೇಲ್ ಡೌನ್ ಆದ್ಮೇಲೆ ಅದು ಅರ್ಧ ಮಾರ್ಕ್ಸೂ ಉಳಿಯಲ್ಲ. ಅವಳು ಪ್ರತೀ ಎಕ್ಸ್‌ಪೆರಿಮೆಂಟಲ್ಲೂ ಬಂದಿದ್ದನ್ನೇ ಬರೀತಿದ್ಳು, ಟಾರ್ಶನಲ್ ಪೆಂಡ್ಯುಲಮ್ಮಲ್ಲೂ ಅಷ್ಟೇ, ಹೊಡೆದು ಹಾಕಿ ತಿದ್ದಿದ ರೀಡಿಂಗು, ಗ್ರಾಫಲ್ಲಿ ಗೆರೆಯಿಂದ ಆಚೆ ನಿಂತ ಎರಡು ಚುಕ್ಕೆ. ಬೇರೆ ಬೇರೆಯವರು ವ್ಯಾಲ್ಯೂ ಮಾಡಿ ಅಲ್ಲೊಂದು ಇಲ್ಲೊಂದು ಕಟ್ ಮಾಡಿದ್ರು. ಕೊನೆಗೆ ಸಿಐಇ 43, ಎಕ್ಸಾಮಲ್ಲಿ 92, ಅದು 46. ಒಟ್ಟು 89, ಎ ಪ್ಲಸ್. ಫಿಸಿಕ್ಸ್ 4 ಕ್ರೆಡಿಟ್ಟು, ಸೆಮಿಸ್ಟರ್‌ಗೆ 20 ಕ್ರೆಡಿಟ್ಟು, ಎಸ್‌ಜಿಪಿಎಲಿ, ಅಂದ್ರೆ ಆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟಲ್ಲಿ, 0.2 ಹೋಯ್ತು. ಪಕ್ಕದ ಟೇಬಲ್‌ನವನಿಗೆ 46 ಪ್ಲಸ್ 44, ಓ.

ನಾನು ಹೇಳೋದಿಷ್ಟೇ. ಮನೇಲಿ ಕೂತು ಕಾಪಿ ಮಾಡೋ ರೆಕಾರ್ಡ್‌ಗೆ ಮಾರ್ಕ್ಸ್ ನಿಲ್ಸಿ. ಲ್ಯಾಬಲ್ಲೇ ಪೆನ್ನಲ್ಲಿ ಬರೆದು ಅವತ್ತೇ ಸೈನ್ ಹಾಕಿಸ್ಕೊಂಡ ಅಬ್ಸರ್ವೇಷನ್ ಬುಕ್‌ಗೆ ಕೊಡಿ, ಉತ್ತರ ಯಾಕೆ ಆಚೀಚೆ ಆಯ್ತು ಅಂತ ಎರಡು ನಿಮಿಷ ವೈವಾಲಿ ಕೇಳಿ ಅದಕ್ಕೆ ಕೊಡಿ. ಮೀಟಿಂಗಲ್ಲಿ ಹೇಳಿದೆ. "ಒಳ್ಳೆ ಸಜೆಷನ್ ಮೇಡಂ, ಮುಂದಿನ ಸೆಮ್ ನೋಡೋಣ" ಅಂದ್ರು, ಕಾಫಿ ಬಂತು.

ಸರಿ ನನ್ನ ಬ್ಯಾಚಲ್ಲಾದ್ರೂ ಮಾಡೋಣ ಅಂತ ಮ್ಯಾನ್ಯುಯಲ್‌ನಲ್ಲಿ 632.8 ಹೊಡೆದು ಹಾಕಿ, ಇದು 650 ಲೇಸರ್ ಕಣ್ರೋ ಅಂತ ಕ್ಲಾಸಲ್ಲಿ ಹೇಳಿದೆ. ಮುಂದಿನ ವಾರ ಅಷ್ಟೂ ರೆಕಾರ್ಡಲ್ಲಿ 650.

ಅದಕ್ಕೇ ಈ ಸಲ ಎಸ್‌ಪಿ ರೋಡಿಗೆ ಹೋಗಿ ನಾನೇ ದುಡ್ಡು ಕೊಟ್ಟು ಒಂದು ಹಸಿರು ಲೇಸರ್ ತಂದೆ, 532 ನ್ಯಾನೋಮೀಟರ್. ಯಾರಿಗೂ ಹೇಳದೆ ಟೇಬಲ್ ಮೇಲೆ ಇಟ್ಟೆ. ಒಬ್ಬ ಮಹಾನುಭಾವ ಹಸಿರು ಬೆಳಕನ್ನ ಎದುರಿಗೇ ಇಟ್ಕೊಂಡು 632.8 ಬರೆದು ತಂದ. ಸೊನ್ನೆ ಹಾಕಿದೆ. "ಮ್ಯಾಮ್, ರೆಕಾರ್ಡ್ ನೀಟಾಗಿದೆ ಅಲ್ವಾ, ಅದಕ್ಕಾದ್ರೂ ಎರಡು ಕೊಡಿ" ಅಂದ. ಮಾರ್ಕ್ಸ್ ಶೀಟ್ ತೆಗೆದು ನೋಡಿದೆ, ನೀಟ್‌ನೆಸ್ ಅಂತ ಒಂದು ಕಾಲಂ ಇದೆ, ಎರಡು ಮಾರ್ಕ್ಸ್. ಕೊಟ್ಟೆ.