ಆಲ್ ಗ್ರೀನ್ ಪಾಸ್ಟರ್ ಆಗಿದ್ದು ಗಂಜಿಯಿಂದಲ್ಲ

ಅಮೆರಿಕದ ಗಾಯಕ ಆಲ್ ಗ್ರೀನ್ ಹೆಸರು ಬಂದರೆ ಸಾಕು, ಎಲ್ಲರೂ ಅದೇ ಕತೆ ಹೇಳುತ್ತಾರೆ. 1974ರ ಅಕ್ಟೋಬರ್, ಮೆಂಫಿಸ್‌ನ ಮನೆ. ಗೆಳತಿಯೊಬ್ಬಳು ಕುದಿಯುವ ಮೆಕ್ಕೆಜೋಳದ ಗಂಜಿಯನ್ನು ಆತನ ಮೈಮೇಲೆ ಸುರಿದು, ಆಮೇಲೆ ತಾನೇ ಗುಂಡು ಹಾರಿಸಿಕೊಂಡು ಸತ್ತಳು. ಬೆಂದ ಮೈಯ ಗಾಯಕ ಹೆದರಿ ದೇವರ ಮೊರೆ ಹೋದ.

ಸಿನಿಮಾಕ್ಕಾದರೆ ಚೆನ್ನಾಗಿದೆ. ಆದರೆ ಇಸವಿ ತಾಳೆ ಆಗೋದಿಲ್ಲ. ಆತನೇ ಹೇಳಿಕೊಂಡಂತೆ ದೇವರ ಕರೆ ಬಂದದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಹೋಟೆಲ್ ಕೋಣೆಯಲ್ಲಿ. ಚರ್ಚ್ ಕೊಂಡು ಪಾಸ್ಟರ್ ಆಗಿದ್ದು 1976ರಲ್ಲಿ. ನಡುವೆ ಪ್ರೇಮಗೀತೆಗಳು ಬರುತ್ತಲೇ ಇದ್ದವು. ಒಂದೇ ರಾತ್ರಿಯಲ್ಲಿ ಬದಲಾದ ಮನುಷ್ಯ ಅಲ್ಲ ಆತ.

ನನ್ನ ಪ್ರಕಾರ ದೇವರಿಗೂ ಪ್ರೇಮಗೀತೆಗಳಿಗೂ ನಡುವಿನ ಈ ಜಗ್ಗಾಟ ಶುರುವಾಗಿದ್ದು ತುಂಬಾ ಹಿಂದೆ. ಅಣ್ಣತಮ್ಮಂದಿರ ಜೊತೆ ಗಾಸ್ಪೆಲ್, ಅಂದರೆ ಚರ್ಚ್‌ನ ಭಕ್ತಿಗೀತೆ, ಹಾಡುತ್ತಾ ಬೆಳೆದ ಹುಡುಗ ಮನೆಯಲ್ಲಿ ಪ್ರೇಮಗೀತೆಗಳ ಗಾಯಕ ಜಾಕಿ ವಿಲ್ಸನ್ ರೆಕಾರ್ಡ್ ಕೇಳಿದ ಅಂತ ಅಪ್ಪ ಹೊರಗೇ ಹಾಕಿಬಿಟ್ಟರು. ಗಾಯಕರಾದ ಸ್ಯಾಮ್ ಕುಕ್, ಅರೀಥಾ ಫ್ರಾಂಕ್ಲಿನ್ ಇಬ್ಬರೂ ಚರ್ಚ್‌ನಿಂದಲೇ ಹೊರಬಂದು ಹೆಸರು ಮಾಡಿದವರು. ಈತ ಹೆಸರೆಲ್ಲ ಮಾಡಿ ಆದಮೇಲೆ ಒಳಗೆ ಹೋದ.

ಆ ಹೆಸರಿನ ಹಿಂದೆ ನಿರ್ಮಾಪಕ ವಿಲ್ಲಿ ಮಿಚೆಲ್ ಇದ್ದರು. ಹಳೇ ಚಿತ್ರಮಂದಿರವೊಂದು ಅವರ ರಾಯಲ್ ಸ್ಟುಡಿಯೋ ಆಗಿತ್ತು. ಅಲ್ಲಿ ಹಾಜಸ್ ಸಹೋದರರ ಗಿಟಾರ್, ಬೇಸ್, ಆರ್ಗನ್. ಕೂಗಬೇಡ, ಮೆತ್ತಗೆ ಹಾಡು ಅಂತ ಮಿಚೆಲ್ ಒತ್ತಾಯ ಮಾಡಿದ್ದರಿಂದಲೇ ಕಿವಿಯ ಹತ್ತಿರ ಬಂದು ಮಾತಾಡುವಂಥ ಆ ದನಿ ನಮಗೆ ಸಿಕ್ಕಿತು. 1972ರಲ್ಲಿ 'ಲೆಟ್ಸ್ ಸ್ಟೇ ಟುಗೆದರ್' ಅಮೆರಿಕದಲ್ಲಿ ನಂಬರ್ ಒನ್.

1977ರ 'ದಿ ಬೆಲ್ ಆಲ್ಬಂ' ಮಿಚೆಲ್ ಇಲ್ಲದೆ ಮಾಡಿದ್ದು. ಗಿಟಾರನ್ನೂ ತಾನೇ ನುಡಿಸಿದ್ದಾನೆ. ಅದರ ಮೊದಲ ಹಾಡು 'ಬೆಲ್'ನಲ್ಲಿ ಒಬ್ಬ ಹೆಣ್ಣಿಗೆ ಹೇಳುತ್ತಾನೆ: ನನ್ನ ಆಸೆಯೆಲ್ಲ ನಿನ್ನ ಮೇಲೇ, ಆದರೆ ನನಗೆ ಬೇಕಾಗಿರುವುದು ಅವನು, ಅಂದರೆ ದೇವರು. ಅವಳನ್ನು ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ಬಿಟ್ಟು ಹೋಗುತ್ತಿರುವಾಗಲೂ ಓಲೈಸುವ ದನಿಯೇ! ನನಗೆ ಆತನ ಎಲ್ಲ ಹಾಡುಗಳಿಗಿಂತ ಇದೇ ಜಾಸ್ತಿ ಇಷ್ಟ. ಆತ ಇನ್ನೂ ಪೂರ್ತಿ ತೀರ್ಮಾನ ಮಾಡಿರಲಿಲ್ಲ, ಅದಕ್ಕೇ.

1979ರಲ್ಲಿ ಸಿನ್ಸಿನಾಟಿಯ ವೇದಿಕೆಯಿಂದ ಬಿದ್ದ. ಅದನ್ನು ದೇವರ ಸೂಚನೆ ಅಂದುಕೊಂಡು ಗಾಸ್ಪೆಲ್‌ಗೇ ನಿಂತ. ತಮಾಷೆ ನೋಡಿ, ಆ ಎಪ್ಪತ್ತರ ದಶಕದ ಹಿಟ್‌ಗಳಿಗೆ ಆಗ ಒಂದೂ ಗ್ರ್ಯಾಮಿ ಬರಲಿಲ್ಲ. ಆತ ಗೆದ್ದ 11ರಲ್ಲಿ 8 ಗಾಸ್ಪೆಲ್‌ಗೇ ಬಂದಿವೆ. ಹಾಗಂತ ಆ ರೆಕಾರ್ಡ್‌ಗಳೆಲ್ಲ ಅದ್ಭುತ ಅಂತ ನಾನು ಹೇಳಲ್ಲ. ಸುಮಾರು ಕಡೆ ವಾದ್ಯಗಳು ತೀರಾ ಸಪ್ಪೆ, ರಾಯಲ್ ಸ್ಟುಡಿಯೋದ ಬಿಸಿ ಇಲ್ಲ. ದನಿ ಮಾತ್ರ ಅದೇ. ದೇವರನ್ನೂ ಪ್ರೇಯಸಿಯನ್ನು ಕರೆದ ಹಾಗೇ ಕರೆಯುತ್ತಾನೆ.

ಮುಂದೆ ಪ್ರೇಮಗೀತೆಗಳಿಗೂ ಮರಳಿದ, 2003ರಲ್ಲಿ ಮತ್ತೆ ಮಿಚೆಲ್ ಜೊತೆಗೇ. ಪಾಸ್ಟರ್ ಕೆಲಸ ಬಿಡಲಿಲ್ಲ. ಇದನ್ನು ಇಬ್ಬಂದಿತನ ಅನ್ನುವವರು ಇದ್ದಾರೆ. ಸುಮ್ನೆ ಒಮ್ಮೆ 'ಬೆಲ್' ಕೇಳಿ, ಆಮೇಲೆ ಜಗಳಕ್ಕೆ ಬನ್ನಿ.