ಮೈನ್‌ಸ್ವೀಪರ್ ಹಣೆಬರಹದ ಆಟವಲ್ಲ, ಭಾವ

ಹೋದ ವಾರ ಅರಸೀಕೆರೆಯಲ್ಲಿ ನಮ್ಮ ಕಡೆಯ ಒಂದು ಮದುವೆ. ಮುಹೂರ್ತ ಮುಗಿದಿತ್ತು, ಎರಡನೇ ಪಂಕ್ತಿಗೆ ಕಾಯುತ್ತಾ, ಮೊಬೈಲಿನಲ್ಲಿ ಮೈನ್‌ಸ್ವೀಪರ್ ಆಡುತ್ತಾ ಕುಳಿತಿದ್ದೆ. ಇಪ್ಪತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದ ನಮ್ಮ ಭಾವನವರು ನನ್ನ ಮೊಬೈಲಿನತ್ತ ಬಗ್ಗಿ ನೋಡಿ, "ಇನ್ನೂ ಇದನ್ನೇ ಆಡುತ್ತೀಯಾ? ಅಲ್ಲಿ ಇಲ್ಲಿ ಕುಟ್ಟುವುದು, ಸಿಡಿದರೆ ಹಣೆಬರಹ ಎನ್ನುವುದು. ಅಷ್ಟೇ ತಾನೇ?" ಎಂದರು. ಬೇರೇನು ಹೇಳಿದ್ದರೂ ಸುಮ್ಮನಿರುತ್ತಿದ್ದೆನೇನೋ. ಪೆನ್ನು ತೆಗೆದೆ. ಲಗ್ನಪತ್ರಿಕೆಯ ಹಿಂಬದಿ ಖಾಲಿ ಇತ್ತು.

ಅವರನ್ನು ದೂರಿ ಫಲವಿಲ್ಲ. 1992ರಲ್ಲಿ ವಿಂಡೋಸ್ 3.1ರ ಜೊತೆಗೇ ಬಂದು ಮನೆಮನೆ ಸೇರಿದ ಈ ಆಟವನ್ನು ಯಾರೂ ಯಾರಿಗೂ ಕಲಿಸಲಿಲ್ಲ. ನಾನೂ ಕಂಪ್ಯೂಟರ್ ತರಗತಿಯಲ್ಲಿ ಮೇಷ್ಟ್ರು ಬರುವ ಮುಂಚಿನ ಹತ್ತು ನಿಮಿಷ, ಆರು ತಿಂಗಳ ಕಾಲ, ಕುರುಡಾಗಿ ಕುಟ್ಟಿದವನೇ. ಮುಚ್ಚಿದ ಚೌಕವೊಂದನ್ನು ಒತ್ತಿದರೆ, ಅಡಿಯಲ್ಲಿ ಬಾಂಬ್ ಇದ್ದರೆ ಸಿಡಿಯುತ್ತದೆ, ಇಲ್ಲದಿದ್ದರೆ ಖಾಲಿ ಜಾಗವೋ ಅಂಕಿಯೋ ಕಾಣುತ್ತದೆ: ನೀಲಿ ಒಂದು, ಹಸಿರು ಎರಡು, ಕೆಂಪು ಮೂರು. ಅವೆಲ್ಲ ಅಲಂಕಾರಕ್ಕೆ ಎಂದುಕೊಂಡಿದ್ದೆ!

ಅಂಕಿಯ ಅರ್ಥ ಇಷ್ಟೇ: ತನ್ನನ್ನು ಮುಟ್ಟುವ ಎಂಟು ಮನೆಗಳಲ್ಲಿ ಎಷ್ಟು ನೆಲಬಾಂಬ್ ಇವೆ ಎಂಬ ಲೆಕ್ಕ. (ಮನೆ ಎಂದೇ ಬರೆಯುತ್ತೇನೆ. ಚೌಕಾಬಾರ ಆಡಿ ಬೆಳೆದವನಿಗೆ ಬೇರೆ ಮಾತು ಹೊಳೆಯುವುದಿಲ್ಲ.) ಬಾಂಬ್ ಇಲ್ಲದ ಮನೆಗಳನ್ನೆಲ್ಲ ತೆರೆದರೆ ಗೆದ್ದಿರಿ. ಬಾವುಟ ನೆಡುವುದು ನಮ್ಮ ನೆನಪಿಗೆ ಮಾತ್ರ, ಒಂದೂ ನೆಡದೆ ಗೆಲ್ಲಬಹುದು. ಹಲಗೆಯ ತುಂಬಾ ಬಾವುಟ ನೆಟ್ಟು ಕೂರುವವರನ್ನು ಕಂಡರೆ ನನಗೆ ತಾಳ್ಮೆ ಕೆಡುತ್ತದೆ.

ಭಾವನಿಗೆ ಮೊದಲು ಬರೆದು ತೋರಿಸಿದ್ದು ಒಂದು, ಎರಡು, ಒಂದು. ಮೂರೂ ಸಾಲಾಗಿ ನಿಂತಿವೆ, ಅವುಗಳ ಎದುರಿಗೆ ಮುಚ್ಚಿದ ಮನೆಗಳ ಒಂದೇ ಸಾಲು. "ಬಾಂಬ್ ಎಲ್ಲಿ ಹೇಳಿ" ಎಂದೆ. ಅವರು ನಡುವಿನ ಮನೆಗೆ, ಅಂದರೆ ಎರಡರ ಎದುರಿಗೆ, ಬೆರಳಿಟ್ಟರು. ಎಲ್ಲರೂ ಅಲ್ಲಿಗೇ ಇಡುತ್ತಾರೆ. ಸರಿ, ಅಲ್ಲಿದೆ ಎಂದೇ ಇಟ್ಟುಕೊಳ್ಳೋಣ. ಎರಡಕ್ಕೆ ಇನ್ನೊಂದು ಬಾಂಬ್ ಬೇಕು, ಅದು ಎಡಕ್ಕೋ ಬಲಕ್ಕೋ ಇರಬೇಕು. ಎಡಕ್ಕಿದ್ದರೆ ಎಡಗಡೆಯ ‘ಒಂದು’ ಎರಡು ಬಾಂಬ್‌ಗಳನ್ನು ಮುಟ್ಟಿದಂತಾಯಿತು, ಬಲಕ್ಕಿದ್ದರೆ ಬಲಗಡೆಯದು. ಎರಡೂ ಕೂಡದು. ಹಾಗಾಗಿ ನಡುವಿನ ಮನೆ ಖಾಲಿ, ಬಾಂಬ್‌ಗಳಿರುವುದು ಒಂದುಗಳ ಎದುರಿಗೆ. ಒಂದು, ಎರಡು, ಎರಡು, ಒಂದು ಬಂದರೆ ಮಾತ್ರ ಬಾಂಬ್‌ಗಳು ಎರಡುಗಳ ಎದುರಿಗೆ ಇರುತ್ತವೆ. ಇವೆರಡು ಕಣ್ಣಿಗೆ ಕೂತರೆ ಆಮೇಲೆ ಯೋಚಿಸುವ ಮೊದಲೇ ಬೆರಳು ಒತ್ತುತ್ತದೆ.

ಅಂಚಿನ ಲೆಕ್ಕ ಇನ್ನೂ ಸುಲಭ. ಗೋಡೆಗೆ ತಾಗಿದ ‘ಒಂದು’ ಮುಟ್ಟುವುದು ಎರಡೇ ಮುಚ್ಚಿದ ಮನೆಗಳನ್ನು, ಅದರ ಪಕ್ಕದ ‘ಒಂದು’ ಆ ಎರಡರ ಜೊತೆ ಮೂರನೆಯದನ್ನೂ ಮುಟ್ಟುತ್ತದೆ. ಬಾಂಬ್ ಮೊದಲೆರಡರಲ್ಲೇ ಮುಗಿಯಿತಲ್ಲ, ಮೂರನೆಯದನ್ನು ಧೈರ್ಯವಾಗಿ ತೆರೆಯಿರಿ.

"ಮೊದಲ ಒತ್ತು ಎಲ್ಲಿ? ಅದಂತೂ ಅದೃಷ್ಟವೇ" ಎಂದರು ಭಾವ. ಅದಕ್ಕೂ ಲೆಕ್ಕವಿದೆ. ಕಠಿಣ ಹಲಗೆಯಲ್ಲಿ 30 ಅಡ್ಡ, 16 ಉದ್ದ, ಒಟ್ಟು 480 ಮನೆ, 99 ಬಾಂಬ್. ಮೊದಲ ಒತ್ತಿಗೆ ಸಿಡಿಯುವುದಿಲ್ಲ, ಆಟವೇ ಕಾಯುತ್ತದೆ. ಹಳೆಯ ವಿಂಡೋಸ್‌ನಲ್ಲಿ ಅಲ್ಲಿ ಬಾಂಬ್ ಇದ್ದರೆ ಸದ್ದಿಲ್ಲದೆ ಮೇಲಿನ ಎಡಮೂಲೆಗೆ ಸಾಗಿಸಿಬಿಡುತ್ತಿತ್ತು. ಆದರೆ ನಮಗೆ ಬೇಕಾದದ್ದು ಬರೀ ಜೀವ ಉಳಿಯುವುದಲ್ಲ, ದೊಡ್ಡ ಬಯಲು ತೆರೆದುಕೊಳ್ಳುವುದು. ಒತ್ತಿದ ಮನೆಯ ನೆರೆಯಲ್ಲಿ ಬಾಂಬ್ ಒಂದೂ ಇಲ್ಲದಿದ್ದರೆ ಆಟವೇ ಆ ನೆರೆಮನೆಗಳನ್ನು ತೆರೆದುಬಿಡುತ್ತದೆ, ಹಾಗಾಗಿ ಅವೆಲ್ಲ ಖಾಲಿ ಇರಬೇಕು. ನಡುವೆ ಒತ್ತಿದರೆ ನೆರೆ ಎಂಟು, ಬಯಲು ಸಿಗುವುದು ಆರು ಸಲಕ್ಕೆ ಒಂದು ಸಲವಷ್ಟೇ. ಮೂಲೆಯಲ್ಲಿ ನೆರೆ ಮೂರೇ, ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಸಿಗುತ್ತದೆ. ಆದರೂ ಜನ ನಡುವೆಯೇ ಒತ್ತುತ್ತಾರೆ.

ಬರ್ಮಿಂಗ್‌ಹ್ಯಾಮ್‌ನ ಗಣಿತಜ್ಞ ರಿಚರ್ಡ್ ಕೇ 2000ದಲ್ಲಿ ಈ ಆಟದ ಮೇಲೆ ಒಂದು ಪ್ರಬಂಧ ಬರೆದರು. ಹಲಗೆ ಎಷ್ಟು ದೊಡ್ಡದಾದರೂ ಆಗಬಹುದು ಎಂದಿಟ್ಟುಕೊಂಡರೆ, ಕಾಣುವ ಅಂಕಿಗಳಿಗೆ ಹೊಂದುವಂತೆ ಬಾಂಬ್‌ಗಳನ್ನು ಇಡಲು ಸಾಧ್ಯವೇ ಎಂದು ಕೇಳುವುದು ಎನ್‌ಪಿ-ಕಂಪ್ಲೀಟ್ ಜಾತಿಯ, ಅಂದರೆ ಯಾವಾಗಲೂ ಬೇಗ ಬಿಡಿಸುವ ದಾರಿ ಯಾರಿಗೂ ಗೊತ್ತಿಲ್ಲದ, ಸಮಸ್ಯೆ ಎಂದು ಅವರು ತೋರಿಸಿದರು. ಆ ಪದ ಕಿವಿಗೆ ಬಿದ್ದದ್ದೇ ನಮ್ಮ ಭಾವ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಇಪ್ಪತ್ತು ವರ್ಷದಲ್ಲಿ ಅವರ ಕಣ್ಣಲ್ಲಿ ನನಗೆ ಅಷ್ಟು ಮರ್ಯಾದೆ ಕಂಡದ್ದು ಅದೇ ಮೊದಲು.

ಅಲ್ಲಿಗೇ ನಿಲ್ಲಿಸಬೇಕಿತ್ತು. ಹುರುಪಿನಲ್ಲಿ ಕೊನೆಯ ಚಿತ್ರವನ್ನೂ ಬರೆದುಬಿಟ್ಟೆ: ಎಲ್ಲ ತೆರೆದು ಮುಗಿದಿದೆ, ಮೂಲೆಯಲ್ಲಿ ಎರಡು ಮನೆ ಉಳಿದಿವೆ, ಬಾಂಬ್ ಒಂದು. ಸುತ್ತಲಿನ ಯಾವ ಅಂಕಿಯೂ ಇದೋ ಅದೋ ಎಂದು ಹೇಳುವುದಿಲ್ಲ. ಇಂಥದ್ದು ಕಂಡರೆ ಹತ್ತು ನಿಮಿಷ ದಿಟ್ಟಿಸಬೇಡಿ, ಕಣ್ಣು ಮುಚ್ಚಿ ಒಂದನ್ನು ಒತ್ತಿ ಎಂಬುದು ನನ್ನ ಸಲಹೆ. ಅದೂ ಆಟದ ನಡುವೆಯೇ ಸಿಕ್ಕರೆ ಆಗಲೇ ಒತ್ತಿ. ಉಳಿದದ್ದನ್ನೆಲ್ಲ ಬಿಡಿಸಿ, ಕೊನೆಗೆ ಬಂದು ಸಾಯುವುದಕ್ಕಿಂತ ಅದು ವಾಸಿ.

ಭಾವ ಆ ಎರಡು ಮನೆಗಳನ್ನೇ ನೋಡಿದರು. ನನ್ನ ಮುಖ ನೋಡಿದರು. "ಹಾಗಾದರೆ ಇಲ್ಲಿ ಹಣೆಬರಹವೇ ತಾನೇ?" ಎಂದರು.

ಅಷ್ಟರಲ್ಲಿ ಯಾರೋ ಎಲೆ ಹಾಕಿದ್ದಾರೆಂದು ಕರೆದರು. ನಾನೇ ಮೊದಲು ಎದ್ದೆ.